ಹಿಟ್ಟಿನ ಕೋಳಿಯೂ ಪುಣೆಯ ಕೋತಿಗಳೂ

ಜನ್ನನ ಯಶೋಧರಚರಿತೆಯನ್ನು (1209) ಅಹಿಂಸೆಯ ಬೋಧೆಯೆಂದಷ್ಟೇ ಓದಿ ಮುಗಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಆ ಓದು ತಪ್ಪಲ್ಲ. ಆದರೆ ಕಾವ್ಯದ ಅತ್ಯಂತ ಕಠಿನವಾದ ಮಾತನ್ನು ಅದು ಮುಟ್ಟದೆ ಹೋಗುತ್ತದೆ. ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಅದಕ್ಕೆ ನೆತ್ತರಿಲ್ಲ, ನೋವಿಲ್ಲ. ಆದರೂ ಮಗನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಜನ್ಮದಿಂದ ಜನ್ಮಕ್ಕೆ ಅಲೆಯಬೇಕಾಯಿತು. ಪಾಪವನ್ನು ತೂಗುವ ತಕ್ಕಡಿಯಲ್ಲಿ ಕವಿಯು ಬಲಿಯ ನೋವನ್ನಿಡದೆ ಕೊಲ್ಲುವವನ ಸಂಕಲ್ಪವನ್ನಿಟ್ಟನು.

ಪುಣೆಯಲ್ಲಿ ನೆಲಸಿದ ಕನ್ನಡಿಗರಿಗೆ ಇದು ಕೇವಲ ಗ್ರಂಥಸ್ಥವಾದ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರೂ ಜ್ವರಕ್ಕೆ ತುತ್ತಾದಾಗ, ಅದರ ವೈರಾಣುವನ್ನು ಬೇರ್ಪಡಿಸಿದವರು ಇದೇ ಊರಿನ ವೈರಾಣು ಸಂಶೋಧನ ಕೇಂದ್ರದವರು. ಈ ಕಾರ್ಯಕ್ಕೆ ಬಿಳಿಯ ಇಲಿಗಳು ಬೇಕಾದವು. ಇಲಿಗಳಿಗೆ ರೋಗಾಂಶವನ್ನು ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾದು ನೋಡುವುದೇ ಆ ಕಾಲದ ಕ್ರಮ. ಮಲೆನಾಡು ಈ ರೋಗವನ್ನು ಮಂಗನ ಕಾಯಿಲೆಯೆಂದು ಕರೆಯಿತು; ಇಲಿಯನ್ನು ಯಾರೂ ನೆನೆಯಲಿಲ್ಲ. ಗಣೇಶೋತ್ಸವಕ್ಕೆ ಹೆಸರಾದ ಪಟ್ಟಣದಲ್ಲಿ ಗಣಪತಿಯ ವಾಹನಕ್ಕೆ ದೊರೆತ ಮನ್ನಣೆ ಇಷ್ಟು!

ಅದೇ ಕೇಂದ್ರವು 1978ರಿಂದ ರಾಷ್ಟ್ರೀಯ ವೈರಾಣುವಿಜ್ಞಾನ ಸಂಸ್ಥೆಯಾಗಿದೆ. 2020ರಲ್ಲಿ ಅಲ್ಲಿ ಕೊವ್ಯಾಕ್ಸಿನ್ ಲಸಿಕೆಯನ್ನು 20 ರೀಸಸ್ ಕೋತಿಗಳ ಮೇಲೆ ಪರೀಕ್ಷಿಸಲಾಯಿತು. ಐದೈದರ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಲಸಿಕೆಯಿಲ್ಲ. ರೋಗವನ್ನು ಮಾತ್ರ ಎಲ್ಲಕ್ಕೂ ತಗುಲಿಸಲಾಯಿತು. ಲಸಿಕೆಯಿಲ್ಲದ ಗುಂಪಿನ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಕಂಡುಬಂದಿತು. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮುಖ್ಯಸ್ಥರಾಗಿದ್ದ ಬಲರಾಮ ಭಾರ್ಗವರು ತಮ್ಮ 'ಗೋಯಿಂಗ್ ವೈರಲ್' (2021) ಗ್ರಂಥದಲ್ಲಿ ಈ ಕೋತಿಗಳನ್ನೂ ಲಸಿಕೆಯ ಕಥೆಯ ವೀರರ ಸಾಲಿಗೆ ಸೇರಿಸಿದ್ದಾರೆ. ಕೃತಜ್ಞತೆಯ ಮಾತೆಂದು ಇದನ್ನು ಗೌರವಿಸೋಣ. ಒಪ್ಪುವುದು ಮಾತ್ರ ಕಷ್ಟ. ವೀರಗಲ್ಲಿನ ನಾಡಿನವರಾದ ನಮಗೆ ವೀರನೆಂದರೆ ತಾನಾಗಿ ಮುನ್ನುಗ್ಗಿದವನು. ಹಿಡಿದು ತಂದ ಪ್ರಾಣಿಯನ್ನು ವೀರನೆಂದು ಕರೆದೊಡನೆ, ಆರಿಸಿದವರ ಸಂಕಲ್ಪವು ಆರಿಸಲ್ಪಟ್ಟದ್ದರ ಶೌರ್ಯವಾಗಿ ಮಾರ್ಪಡುತ್ತದೆ. ಜನ್ನನು ಬಯಲಿಗೆಳೆದದ್ದನ್ನು ಈ ಶಬ್ದವು ಮುಚ್ಚುತ್ತದೆ.

ದಯೆಯು ಆತ್ಮನಿಷ್ಠವಾದ ಮೌಲ್ಯ, ವಿಜ್ಞಾನವು ವಸ್ತುನಿಷ್ಠ. ಆದುದರಿಂದ ಮೊದಲನೆಯದಕ್ಕೆ ಪ್ರಯೋಗಶಾಲೆಯಲ್ಲಿ ಸ್ಥಾನವಿಲ್ಲವೆಂದು ವಾದಿಸುವವರುಂಟು. ಅವರು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯನ್ನೊಮ್ಮೆ ತೆರೆದು ನೋಡಬೇಕು. ಗಿನಿಹಂದಿ, ಮೊಲ, ಕಪ್ಪೆ, ಇಲಿಗಳಿಂದ ಅದೇ ಫಲ ದೊರೆಯುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಬಳಸಕೂಡದೆಂಬ ಆಶಯ ಅದರ 17ನೆಯ ಪ್ರಕರಣದಲ್ಲಿದೆ. ಕಪ್ಪೆಯ ನೋವು ಕಿರಿದೆಂದು ಅಳೆದವರು ಯಾರು? ಕಾಯಿದೆ ಅದನ್ನು ಹೇಳುವುದೂ ಇಲ್ಲ. ನಮಗೆ ಸಮೀಪವೆನಿಸಿದ್ದಕ್ಕೆ ಬೆಲೆ ಹೆಚ್ಚು, ದೂರವಾದುದಕ್ಕೆ ಕಡಿಮೆ: ಇದೂ ಆತ್ಮನಿಷ್ಠವೇ. ಪ್ರಯೋಗಶಾಲೆಯೊಳಗೆ ಆ ಮೌಲ್ಯವು ಮೊದಲಿನಿಂದಲೂ ಕುಳಿತಿದೆ. ಅದಕ್ಕೆ ಕೇಳುವವರಿಲ್ಲ, ಅಷ್ಟೆ.

ಜನ್ನನ ತಕ್ಕಡಿಗೂ ಕೊರತೆಯುಂಟು. ಸಂಕಲ್ಪವನ್ನೇ ತೂಗುತ್ತ ಹೋದರೆ ಹಿಟ್ಟಿನ ಕೋಳಿಯೂ ಜೀವಂತ ಕೋಳಿಯೂ ಸಮವಾಗಿಬಿಡುತ್ತವೆ. ನರಳುವ ಪ್ರಾಣಿಗೆ ಅದರಿಂದೇನು ಲಾಭ? ಕೊಲ್ಲುವವನ ಆತ್ಮಶುದ್ಧಿಯ ಚಿಂತೆಯಲ್ಲಿ ಕೊಲ್ಲಲ್ಪಡುವುದು ಮರೆಯಾಗುತ್ತದೆ. ಪ್ರಾಣಿಗೆ ಬದಲಾಗಿ ಜೀವಕೋಶಗಳನ್ನು ಬಳಸುವ ಇಂದಿನ ವಿಧಾನಗಳನ್ನು ಹೊಸ ಹಿಟ್ಟಿನ ಕೋಳಿಯೆಂದು ಹಳಿಯುವುದೂ ಈ ಕಾರಣದಿಂದಲೇ ಸಲ್ಲದು. ಯಶೋಧರನು ತನ್ನ ಕೋಳಿಯನ್ನು ನಿಜವಾದ ಬಲಿಯೆಂದೇ ದೇವಿಯು ಸ್ವೀಕರಿಸಲೆಂದು ಬಯಸಿದ್ದನು. ಗಾಜಿನ ತಟ್ಟೆಯಲ್ಲಿ ಕೋಶವನ್ನು ಬೆಳೆಸುವವನಿಗೆ ಅಂಥ ಬಯಕೆಯಿಲ್ಲ.

ಆದರೆ ಅಲ್ಲಿಯೂ ಒಂದು ತೊಡಕಿದೆ. ಮಲೆನಾಡಿನ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಂಗನ ಕಾಯಿಲೆಯ ಲಸಿಕೆಯನ್ನು ತಯಾರಿಸುತ್ತಿದ್ದದ್ದು ಕೋಳಿಯ ಭ್ರೂಣದಿಂದ ತೆಗೆದ ಜೀವಕೋಶಗಳಲ್ಲಿ. ಅದು ಹಿಟ್ಟೂ ಅಲ್ಲ. ಕೂಗುವ ಕೋಳಿಯೂ ಅಲ್ಲ.