ಪೀಠದ ಕೆಳಗಿನ ನಗು

ನಿಷೇಧಕ್ಕೊಳಗಾದ ಪುಸ್ತಕವೆಲ್ಲ ಬಂಡಾಯದ ಪುಸ್ತಕ ಅಂತ ನಾವು ಸುಲಭವಾಗಿ ನಂಬಿಬಿಡುತ್ತೇವೆ. ಗೆಳೆಯರೇ, ಸ್ವಲ್ಪ ತಡೆಯಿರಿ. 1758ರಲ್ಲಿ ಸ್ಪೇನಿನಲ್ಲಿ ಅಚ್ಚಾದ 'ಫ್ರಾಯ್ ಹೆರುಂದಿಯೊ' ಕಾದಂಬರಿಯನ್ನೇ ನೋಡಿ. ಬರೆದವನು ಹೋಸೆ ಫ್ರಾನ್ಸಿಸ್ಕೊ ದೆ ಇಸ್ಲಾ, ಸ್ವತಃ ಜೆಸ್ಯೂಟ್ ಪಾದ್ರಿ. ಆದರೂ ಪುಸ್ತಕದ ಮೇಲೆ ಹಾಕಿದ್ದು ಇನ್ನೊಬ್ಬ ಪಾದ್ರಿಯ ಹೆಸರು. ಒಳಗಿನವನಿಗೇ ಅಷ್ಟು ಅಂಜಿಕೆ!

ಹೆರುಂದಿಯೊ ಕಂಪಾಸಾಸ್ ಎಂಬ ಹಳ್ಳಿಯ ರೈತನ ಮಗ. ಮಠ ಸೇರಿ ಸನ್ಯಾಸಿಯಾಗುತ್ತಾನೆ. ಅಲ್ಲಿ ಅವನಿಗೆ ಮಾದರಿಯಾಗಿ ಸಿಕ್ಕವನು ಫ್ರಾಯ್ ಬ್ಲಾಸ್. ಉಡುಪಿನಲ್ಲೂ ಶೋಕಿ, ಮಾತಿನಲ್ಲೂ ಶೋಕಿ. ದೇವರು ತ್ರಿಯೇಕನೆಂಬುದನ್ನು ಸಾರಬೇಕಾದ ಹಬ್ಬದ ದಿನವೇ, ಅದನ್ನು ತಾನು ಒಪ್ಪೋದಿಲ್ಲ ಅಂತ ಶುರುಮಾಡಿ ಸುಮ್ಮನೆ ನಿಲ್ಲುತ್ತಾನೆ. ಜನ ಬೆಚ್ಚಿಬೀಳುತ್ತಾರೆ. ಆಮೇಲೆ, ಹಾಗನ್ನುವವರು ಪಾಷಂಡಿಗಳು, ನಾನಲ್ಲ ಅಂತ ಜಾರಿಕೊಳ್ಳುತ್ತಾನೆ. ಹೆರುಂದಿಯೊ ಕಲಿಯೋದು ಇಂಥದ್ದನ್ನೇ. ಕೇಳುವವರಿಗೆ ಅರ್ಥವಾಗದಷ್ಟೂ ಪ್ರವಚನ ದೊಡ್ಡದು!

ಪುಸ್ತಕದ ಪ್ರತಿಗಳು ಕೆಲವೇ ದಿನಗಳಲ್ಲಿ ಮುಗಿದವು. ಸನ್ಯಾಸಿಗಳು ಸಿಟ್ಟಾದರು, ದೂರು ಕೊಟ್ಟರು. ಚರ್ಚಿನ ವಿಚಾರಣಾ ಮಂಡಳಿಯಾದ ಇನ್‌ಕ್ವಿಸಿಷನ್ 1760ರಲ್ಲಿ ಅದನ್ನು ನಿಷೇಧಿಸಿತು. 1767ರಲ್ಲಿ ದೊರೆ ಜೆಸ್ಯೂಟರನ್ನೆಲ್ಲ ಬೇರೆ ಕಾರಣಕ್ಕೆ ದೇಶದಿಂದ ಹೊರಗಟ್ಟಿದಾಗ ಇಸ್ಲಾನೂ ಹೋದ. 1781ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಸತ್ತ. ಎರಡನೇ ಭಾಗ 1768ರಲ್ಲಿ ಕದ್ದುಮುಚ್ಚಿ ಅಚ್ಚಾಯಿತು.

ಇಷ್ಟಾದರೂ ಇಸ್ಲಾ ಬಂಡಾಯಗಾರನಲ್ಲ. ಅವನು ಪೀಠವನ್ನು ಮುಟ್ಟಲಿಲ್ಲ. ಪೀಠ ಹತ್ತಿದವನ ನಾಲಗೆ ತಿದ್ದಲು ಹೊರಟ. ಅವನ ನಗೆಯಲ್ಲಿ ಒಂದು ಪಾಲು, ರೈತನ ಮಗನಿಗೆ ಲ್ಯಾಟಿನ್ ಬರೋದಿಲ್ಲ ಅನ್ನುವ ನಗೆ. ಮನೆಯಲ್ಲಿ ಮೊದಲು ಅಕ್ಷರ ಕಲಿತ ನಮ್ಮಂಥವರಿಗೆ ಈ ನಗೆಯ ಪರಿಚಯ ಚೆನ್ನಾಗಿದೆ. ಹುಡುಗನ ತಲೆಗೆ ಪೊಳ್ಳು ವಿದ್ಯೆ ತುಂಬಿದ ಮೇಷ್ಟ್ರನ್ನೂ ಇಸ್ಲಾ ಗೇಲಿ ಮಾಡುತ್ತಾನೆ, ನಿಜ. ಆದರೆ ಒಳ್ಳೆಯ ವಿದ್ಯೆಗೆ ಬೀಗ ಹಾಕಿದವರು ಯಾರು ಅಂತ ಕೇಳುವುದಿಲ್ಲ.

ಹಾಗಾದರೆ ಮಂಡಳಿ ಹೆದರಿದ್ದು ಯಾಕೆ? ಲೇಖಕನ ಉದ್ದೇಶ ಏನೇ ಇರಲಿ, ಕೆಳಗೆ ಮಂಡಿಯೂರಿ ಕೂತವರು ಒಮ್ಮೆ ನಗೋದು ಕಲಿತರೆ ಮತ್ತೆ ಮೊದಲಿನಂತೆ ಕೂರುವುದಿಲ್ಲ. ಜನ ಕಲಿತೇಬಿಟ್ಟರು. ಪೊಳ್ಳು ಮಾತಿನ ಆಡಂಬರದವನಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಹೆರುಂದಿಯೊ' ಅಂತಲೇ ಹೆಸರು ನಿಂತಿತು. ಇನ್‌ಕ್ವಿಸಿಷನ್ 1834ರಲ್ಲಿ ರದ್ದಾಯಿತು. ಆ ಪದ ಇಂದಿಗೂ ನಿಘಂಟಿನಲ್ಲಿದೆ.

ವಿಡಂಬನೆ ಬರೆಯುವವರು ಇಸ್ಲಾನಿಂದ ಧೈರ್ಯ ಕಲಿಯಲಿ. ಅವನು ನಿಲ್ಲಿಸಿದಲ್ಲೇ ಮಾತ್ರ ನಿಲ್ಲಿಸಬಾರದು. ಪ್ರವಚನಕಾರನ ವ್ಯಾಕರಣದ ತಪ್ಪು ಎಣಿಸಿದ್ದು ಸಾಕು. ಅವನು ನಿಂತ ಪೀಠ ಯಾರ ಬೆನ್ನ ಮೇಲಿದೆ ಅಂತ ಕೇಳಬೇಕು.