ತಾಗೆ ಕಾಗೆಯಾಗುವ ಪರಿ

ಕಾಗೆಯನ್ನು ‘ತಾಗೆ’ ಎನ್ನುವ ಮಗುವಿಗೆ ‘ಕಾ ಅನ್ನು’ ಎಂದು ನೂರು ಸಲ ಗದರಿದರೂ ಪ್ರಯೋಜನವಿಲ್ಲ. ವಾಕ್ ಚಿಕಿತ್ಸಕರು ಗದರುವುದಿಲ್ಲ. ಎರಡೂ ಶಬ್ದಗಳ ವ್ಯತ್ಯಾಸ ಮಗುವಿನ ಕಿವಿಗೆ ಸಿಗುತ್ತಿದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಚಪ್ಪಟೆ ಕಡ್ಡಿಯಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದು, ‘ತಾ’ ಎನ್ನಲು ಹೇಳುತ್ತಾರೆ. ತುದಿ ಏಳಲಾರದೆ ಹಿಂಭಾಗ ಏಳುತ್ತದೆ, ‘ಕಾ’ ಹೊರಬೀಳುತ್ತದೆ. ಎಂಥ ಜಾಣ ಮೋಸ! ಆದರೆ ಒಂಟಿ ಅಕ್ಷರ ಬಂದರೆ ಮುಗಿಯಲಿಲ್ಲ. ಅದು ಪದಕ್ಕೆ, ವಾಕ್ಯಕ್ಕೆ, ಕೊನೆಗೆ ಜಗಳದ ಮಾತಿಗೂ ಇಳಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಆಟ.

ಈ ವಿದ್ಯೆಗೆ 1965ರಿಂದ ಮೈಸೂರಿನಲ್ಲೊಂದು ನೆಲೆಯಿದೆ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಶ್ರವಣದೋಷವಿರುವ ಪುಟ್ಟ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ. ಮನೆಯಲ್ಲಿ ಪಾಠ ಮುಂದುವರಿಸುವವರು ಅವರೇ ತಾನೆ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಚಿಕಿತ್ಸೆ. ‘ನೀರು’ ಎನ್ನಲಾರದವರು ಕೆಲವೊಮ್ಮೆ ದಾಸರ ಪದವನ್ನು ಸಲೀಸಾಗಿ ಹಾಡಿಬಿಡುತ್ತಾರೆ. ಚಿಕಿತ್ಸಕರು ಅದೇ ದಾರಿ ಹಿಡಿದು, ‘ನೀರು ಬೇಕು’ ಎಂಬುದನ್ನು ರಾಗವಾಗಿ ಹಾಡಿಸಿ, ಎಡಗೈಯಲ್ಲಿ ತಾಳ ಹಾಕಿಸಿ, ಬರಬರುತ್ತಾ ರಾಗವನ್ನು ಕಳಚುತ್ತಾರೆ. ಎಲ್ಲರಿಗೂ ಫಲಿಸದು, ಕೇಳಿದ್ದು ಅರ್ಥವಾಗಿ, ಆಡುವುದಷ್ಟೇ ಕಷ್ಟವಾದವರಿಗೆ ಹೆಚ್ಚು ಒದಗುತ್ತದೆ.