ಸಹಿಯನ್ನು ಓದದ ಅಂಕಣ

ಸಿಂಗಟಾಲೂರಿನ ಚಹದಂಗಡಿಗೆ ಪೇಪರು ಬರುವುದು ಒಂದೇ. ಓದುವವರು ಹತ್ತು ಮಂದಿ, ಕೇಳುವವರು ಇಪ್ಪತ್ತು ಮಂದಿ. ಮೊದಲ ಪುಟ ಒಬ್ಬನ ಕೈಗೆ, ಆಟದ ಪುಟ ಇನ್ನೊಬ್ಬನ ಕೈಗೆ. ಸಂಪಾದಕೀಯ ಪುಟಕ್ಕೆ ಮಾತ್ರ ಯಾರೂ ಜಗಳಾಡುವುದಿಲ್ಲ, ಅದು ನಮಗೆ ಸಿಗುತ್ತದೆ. ಹಾಗೆ ಸಿಕ್ಕ ಪುಟದಲ್ಲಿ ಮೊನ್ನೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಮೇಲೆ ಒಂದು ಅಂಕಣ ಇತ್ತು. ಅಂಕಣಕಾರರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಅವರೊಬ್ಬರ ಜೊತೆಗಿನ ಜಗಳ ಎಂದಾಗಿಬಿಡುತ್ತದೆ. ಅವರು ಬರೆದದ್ದನ್ನೇ ಅವರಂಥ ಎಷ್ಟೋ ಮಂದಿ 2022ರಿಂದ ಬರೆಯುತ್ತಿದ್ದಾರೆ, ವೇದಿಕೆಯ ಮೇಲೆ ಆಡುತ್ತಿದ್ದಾರೆ.

ಅಂಕಣದ ಸಾರ ಇಷ್ಟು: ರಾಷ್ಟ್ರಪತಿ ಮಾತಾಡುವುದಿಲ್ಲ; ತಂದುಕೊಟ್ಟ ಕಾಗದಕ್ಕೆ ಸಹಿ ಹಾಕುತ್ತಾರೆ; ಕೊಲ್ಕತ್ತದ ಬಗ್ಗೆ ನೊಂದುಕೊಂಡವರು ಮಣಿಪುರದ ಬಗ್ಗೆ ನೊಂದುಕೊಳ್ಳಲಿಲ್ಲ; ಜಾತಿ-ಬುಡಕಟ್ಟಿನ ಲೆಕ್ಕ ಹಾಕಿ ಕೂರಿಸಿದರೆ ಆಗುವುದೇ ಹೀಗೆ. ಕೊನೆಯ ಮಾತನ್ನು ಅವರು ಇಷ್ಟು ಬತ್ತಲೆಯಾಗಿ ಬರೆದಿಲ್ಲ. ಶಿಷ್ಟ ಕನ್ನಡದ ಶಾಲು ಹೊದಿಸಿದ್ದಾರೆ. ಶಾಲಿನ ಒಳಗೆ ಏನಿದೆ ಎಂಬುದು ನಮ್ಮ ಕೇರಿಯ ಹುಡುಗರಿಗೂ ಕಾಣುತ್ತದೆ.

ಓದಿ ಹೇಳಿದಾಗ ಅಂಗಡಿ ಮುಂದೆ ಕೂತಿದ್ದ ಆಯಿಯೊಬ್ಬರು ಕೇಳಿದರು: "ಆತಪ, ಅಕಿ ಬರೇ ಸಹಿ ಮಾಡತಾಳಂತ ಬರದಾನ. ಯಾತಕ್ಕ ಸಹಿ ಮಾಡ್ಯಾಳಂತ ಬರದಾನೇನು?"

"ಇಲ್ಲ ಆಯಿ, ಬರದಿಲ್ಲ."

"ಮತ್ತ ಏನ್ ಬರದಾನ ಅಂವ?"

ಗೆಳೆಯರೆ, ಈ ಪ್ರಶ್ನೆಗೆ ಆ ಅಂಕಣದಲ್ಲಿ ಉತ್ತರವಿಲ್ಲ. ಸಹಿ ಎಂದರೆ ಏನೆಂದು ನಮ್ಮ ಹೊಳೆದಂಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಸಿಂಗಟಾಲೂರು ಏತ ನೀರಾವರಿಗೆಂದು ಹಮ್ಮಿಗಿಯ ಹತ್ತಿರ ತುಂಗಭದ್ರೆಗೆ ಬ್ಯಾರೇಜು ಕಟ್ಟಿದಾಗ ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರದವರು ಊರನ್ನೇ ಹಿನ್ನೀರಿಗೆ ಬಿಡಬೇಕಾಯಿತು. ಮೊದಲು ಬಂದದ್ದು ನೀರಲ್ಲ, ಕಾಗದ. ಕಾಗದದ ಕೆಳಗೆ ಸಹಿ. ಆದ್ದರಿಂದ ಸಹಿ ಹಾಕಿದವರನ್ನು ಬಯ್ಯುವ ಮೊದಲು ಕಾಗದ ಓದುವುದು ನಮ್ಮ ಕಡೆಯ ರೂಢಿ.

ಓದೋಣ. ಮುರ್ಮು 2015ರಿಂದ 2021ರವರೆಗೆ ಜಾರ್ಖಂಡಿನ ರಾಜ್ಯಪಾಲರಾಗಿದ್ದರು. ಅಲ್ಲಿ ಆದಿವಾಸಿಗಳ ನೆಲಕ್ಕೆ ಬೇಲಿಯಂತೆ ನಿಂತ ಎರಡು ಕಾಯ್ದೆಗಳಿವೆ. ಒಂದು 1908ರ ಛೋಟಾನಾಗಪುರ ಗೇಣಿ ಕಾಯ್ದೆ, ಇನ್ನೊಂದು 1949ರ ಸಂತಾಲ ಪರಗಣ ಗೇಣಿ ಕಾಯ್ದೆ. ಮೊದಲನೆಯದನ್ನು ಬ್ರಿಟಿಷರು ದಯೆಯಿಂದ ಕೊಡಲಿಲ್ಲ. ಬಿರ್ಸಾ ಮುಂಡಾ ಬಂಡೆದ್ದು, ಜೈಲಿನಲ್ಲಿ ಸತ್ತು, ಆಮೇಲೆ ಬಂದದ್ದು ಅದು. 2016ರ ನವೆಂಬರಿನಲ್ಲಿ ರಘುಬರ್ ದಾಸ್ ಅವರ ಬಿಜೆಪಿ ಸರ್ಕಾರ ಎರಡಕ್ಕೂ ತಿದ್ದುಪಡಿ ತಂದು, ಗದ್ದಲದ ನಡುವೆ ವಿಧಾನಸಭೆಯಲ್ಲಿ ಪಾಸು ಮಾಡಿಸಿಕೊಂಡಿತು. ಆದಿವಾಸಿಯ ಹೊಲವನ್ನು ಕೃಷಿಯೇತರ ಕೆಲಸಕ್ಕೆ ತಿರುಗಿಸುವ ದಾರಿ ಅದರಲ್ಲಿತ್ತು. ಆದಿವಾಸಿಗಳು ಬೀದಿಗಿಳಿದಿದ್ದರು. ಖೂಂಟಿ ಕಡೆ ಗೋಲೀಬಾರೂ ಆಗಿತ್ತು.

ಆಗ ರಾಜಭವನದಲ್ಲಿ ಕೂತಿದ್ದ ಈ 'ಗೊಂಬೆ' ಏನು ಮಾಡಿತು? 2017ರಲ್ಲಿ ಎರಡೂ ಮಸೂದೆಗಳನ್ನು ಸಹಿ ಹಾಕದೆ ಹಿಂದಕ್ಕೆ ಕಳಿಸಿತು. ಇದರಿಂದ ಆದಿವಾಸಿಗೆ ಏನು ಲಾಭ, ಹೇಳಿ ಎಂದು ಸರ್ಕಾರವನ್ನು ಕೇಳಿತು. ಯಾವ ಸರ್ಕಾರವನ್ನು? ತಾನು ಜೀವಮಾನ ದುಡಿದ ಪಕ್ಷದ ಸರ್ಕಾರವನ್ನು, ತನ್ನನ್ನು ಆ ಕುರ್ಚಿಗೆ ತಂದ ಪಕ್ಷದ ಸರ್ಕಾರವನ್ನು. ಕೊನೆಗೆ ಸರ್ಕಾರ ಆ ತಿದ್ದುಪಡಿಗಳನ್ನು ಕೈಬಿಟ್ಟಿತು.

ಇದು ರಾಂಚಿಯ ಸಂಗತಿ, ನಮಗೆ ದೂರದ್ದು ಎನ್ನಬೇಡಿ. ಅದೇ 2016ರ ನವೆಂಬರಿನಲ್ಲಿ ಇಲ್ಲಿ, ನಮ್ಮ ಮುಂಡರಗಿ-ಶಿರಹಟ್ಟಿ-ಗದಗಿಗೆ ಮಳೆ ತರುವ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಪಟ್ಟವನ್ನು ರಾಜ್ಯ ಸರ್ಕಾರ ಕಿತ್ತುಕೊಂಡಿತ್ತು. ಗುಡ್ಡದೊಳಗಿನ ಚಿನ್ನದ ಮೇಲೆ ಯಾರ ಕಣ್ಣಿತ್ತೆಂದು ಕುರಿ ಕಾಯುವವನಿಗೂ ಗೊತ್ತಿತ್ತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಧರಣಿ ಕೂತ ಮೇಲೆ, ಏಪ್ರಿಲಿನಲ್ಲಿ ಪಟ್ಟ ಮರಳಿ ಬಂತು. 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿದ್ದದ್ದು ಬಿಜೆಪಿ ಸರ್ಕಾರ, ಇಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ನೆಲ ಕೇಳುವಾಗ ಇಬ್ಬರ ದನಿಯೂ ಒಂದೇ. ಅಂಥ ಹೊತ್ತಿನಲ್ಲಿ ಒಬ್ಬ ಸಂತಾಲಿ ಹೆಣ್ಣುಮಗಳು ಕಾಗದವನ್ನು ಹಿಂದಕ್ಕೆ ತಳ್ಳಿದಳು ಎಂಬುದರ ಬೆಲೆ ಕಪ್ಪತಗುಡ್ಡದ ಬುಡದಲ್ಲಿ ಬದುಕುವವರಿಗೆ ತಿಳಿಯುತ್ತದೆ. ಅಂಕಣದಲ್ಲಿ ಈ ಬಗ್ಗೆ ಒಂದು ಸಾಲಿಲ್ಲ.

ಅಂಕಣಕಾರರಿಗೆ ಹೊಗಳಬೇಕಾದ್ದು ಗೊತ್ತಿಲ್ಲ, ಹೋಗಲಿ. ಬಯ್ಯಬೇಕಾದ್ದೂ ಗೊತ್ತಿಲ್ಲವಲ್ಲ! ಅದನ್ನೂ ನಾವೇ ಹೇಳಬೇಕಾಗಿ ಬಂದಿದೆ. ಅದೇ 2017ರಲ್ಲಿ ಜಾರ್ಖಂಡಿನ ಮತಾಂತರ ತಡೆ ಮಸೂದೆಗೆ ಮುರ್ಮು ಒಪ್ಪಿಗೆ ಕೊಟ್ಟರು. ಅದು ನಮಗೆ ಒಪ್ಪಿಗೆಯಿಲ್ಲ. ಮನುಷ್ಯ ಯಾವ ದೇವರಿಗೆ ಕೈಮುಗಿಯಬೇಕೆಂದು, ಅಥವಾ ಯಾವ ದೇವರಿಗೂ ಮುಗಿಯಬಾರದೆಂದು, ನಿಶ್ಚಯಿಸುವ ಹಕ್ಕು ಜಿಲ್ಲಾಧಿಕಾರಿಯ ಮೇಜಿಗೆ ಹೋಗಬಾರದು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಇನ್ನೂ ದೊಡ್ಡದು 2023ರದು. ಅರಣ್ಯ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಆಗಸ್ಟ್ 2ರಂದು ರಾಜ್ಯಸಭೆ ದಾಟಿತು, ಆಗಸ್ಟ್ 4ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಡುವೆ ಎರಡು ದಿನ. ಗಡಿಯಿಂದ ನೂರು ಕಿಲೋಮೀಟರಿನ ಒಳಗೆ ರಕ್ಷಣೆಯ ಹೆಸರಿನ ರಸ್ತೆ-ರೈಲು ಯೋಜನೆಗಳಿಗೆ ಕಾಡು ಬಿಟ್ಟುಕೊಡುವ, ದಾಖಲೆಯಲ್ಲಿ ಕಾಡೆಂದು ಬರೆಯದ ಕಾಡನ್ನು ಕಾಯ್ದೆಯ ಹೊರಗೆ ಬಿಡುವ ತಿದ್ದುಪಡಿ ಅದು. ಅದಕ್ಕೂ ಮೊದಲು, 2022ರ ಅರಣ್ಯ ನಿಯಮಗಳು ಗ್ರಾಮಸಭೆಯ ಒಪ್ಪಿಗೆಯನ್ನು ಕಡೆಗಣಿಸುತ್ತವೆ ಎಂದು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗವೇ ತಕರಾರು ಎತ್ತಿತ್ತು. ಆ ಆಯೋಗದ ಅಧ್ಯಕ್ಷ ಹರ್ಷ್ ಚೌಹಾಣ್ ಅವಧಿ ಮುಗಿಯುವ ಮೊದಲೇ, 2023ರ ಜೂನಿನಲ್ಲಿ, ಕುರ್ಚಿ ಬಿಟ್ಟು ಹೋದರು.

ಸಂವಿಧಾನದ 111ನೇ ವಿಧಿ ರಾಷ್ಟ್ರಪತಿಗೆ ಒಂದು ಅವಕಾಶ ಕೊಟ್ಟಿದೆ. ಹಣಕಾಸಿನ ಮಸೂದೆ ಅಲ್ಲದಿದ್ದರೆ ಒಮ್ಮೆ ಹಿಂದಕ್ಕೆ ಕಳಿಸಬಹುದು. ಸಂಸತ್ತು ಮತ್ತೆ ಪಾಸು ಮಾಡಿ ಕಳಿಸಿದರೆ ಸಹಿ ಹಾಕಲೇಬೇಕು, ನಿಜ. 2006ರಲ್ಲಿ ಅಬ್ದುಲ್ ಕಲಾಂ ಲಾಭದಾಯಕ ಹುದ್ದೆಯ ಮಸೂದೆಯನ್ನು ಹೀಗೆ ಕಳಿಸಿ, ಅದು ಹಾಗೇ ಮರಳಿ ಬಂದಾಗ ಸಹಿ ಹಾಕಿದರು. ಸೋತರು ಎನ್ನಿ. ಆದರೆ ಆ ಸೋಲಿನಿಂದ ದೇಶ ಆ ಮಸೂದೆಯನ್ನು ಮತ್ತೊಮ್ಮೆ ಓದಿತು. ರಾಂಚಿಯಲ್ಲಿ ನೆಲಕ್ಕಾಗಿ ಹಿಡಿದ ಪಟ್ಟನ್ನು ದಿಲ್ಲಿಯಲ್ಲಿ ಕಾಡಿಗಾಗಿ ಏಕೆ ಹಿಡಿಯಲಿಲ್ಲ? ಇದು ನಮ್ಮ ಪ್ರಶ್ನೆ. ಈ ಪ್ರಶ್ನೆ ಕೇಳಬೇಕಾದರೆ ಮೊದಲು ರಾಂಚಿ ನೆನಪಿರಬೇಕು. ಎದುರು ನಿಂತವಳು ಕೆಲಸ ಬಲ್ಲವಳು ಎಂದು ಒಪ್ಪಬೇಕು. ಗೊಂಬೆಯನ್ನು ಯಾರೂ ಜವಾಬು ಕೇಳುವುದಿಲ್ಲ.

ಅವರು ಒಪ್ಪುವುದಿಲ್ಲ. 2022ರ ಚುನಾವಣೆಯಲ್ಲೇ ಎದುರಾಳಿ ಯಶವಂತ ಸಿನ್ಹಾ ತಾನು ರಬ್ಬರ್ ಸ್ಟ್ಯಾಂಪು ಆಗುವುದಿಲ್ಲ ಎಂದು ಊರೂರಿಗೆ ಹೇಳಿಕೊಂಡು ತಿರುಗಿದರು. ಆಗುವವರು ಯಾರೆಂದು ಬಿಡಿಸಿ ಹೇಳಬೇಕೆ? ತೇಜಸ್ವಿ ಯಾದವ್ ರಾಷ್ಟ್ರಪತಿ ಭವನಕ್ಕೆ ಮೂರ್ತಿ ಬೇಡ ಎಂದರು. ಸಾಮಾಜಿಕ ನ್ಯಾಯದ ಮನೆಯಿಂದ ಬಂದ ಮಾತು ಇದು! ಅಧೀರ್ ರಂಜನ್ ಚೌಧುರಿ ಪದವಿಯ ಹೆಸರನ್ನೇ ತಿರುಚಿದರು, ಆಮೇಲೆ ಕ್ಷಮೆ ಕೇಳಿದರು. ಬಂಗಾಳದ ಮಂತ್ರಿ ಅಖಿಲ್ ಗಿರಿ ಆಕೆಯ ಮುಖಕ್ಕೇ ಕೈಹಾಕಿದರು. ಅವರ ಪರವಾಗಿ ಮಮತಾ ಬ್ಯಾನರ್ಜಿ ಕ್ಷಮೆ ಕೇಳಬೇಕಾಯಿತು. ಇವರೆಲ್ಲ ನಮ್ಮ ಅಂಕಣಕಾರರ ಪಕ್ಷದ ಅಕ್ಕಪಕ್ಕದವರು. ಅಲ್ಲಿ ಒರಟಾಗಿ ಆಡಿದ್ದು ಇಲ್ಲಿ ಅಂಕಣವಾಗಿ ಮುದ್ರಣವಾಗುತ್ತದೆ.

ರಾಷ್ಟ್ರಪತಿಯನ್ನು ಟೀಕಿಸಲೇಬಾರದೆ? ಟೀಕಿಸಬೇಕು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಗೆ ಸಹಿ ಹಾಕಿದರು. ಅದೇ ವರ್ಷದ ಕೊನೆಗೆ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಅವರನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ, ಅಲ್ಲಿಂದಲೇ ಸುಗ್ರೀವಾಜ್ಞೆಗೆ ಸಹಿ ಮಾಡಿ ಹೊರಗೆ ಚಾಚುವಂತೆ ಬರೆದರು. ಸೆನ್ಸಾರಿನ ಕಾಲದಲ್ಲಿ! ಆ ಚಿತ್ರದಲ್ಲಿ ನಗೆಗೆ ಗುರಿಯಾದದ್ದು ಸಹಿ ಹಾಕುವ ಆತುರ. ಅವರ ಹುಟ್ಟು ಅಲ್ಲ, ಮೈಬಣ್ಣ ಅಲ್ಲ. ಐವತ್ತು ವರ್ಷವಾದರೂ ಅದು ಇನ್ನೂ ಚುಚ್ಚುತ್ತದೆ.

ಇನ್ನು, ಆದಿವಾಸಿ ಸುಮ್ಮನಿದ್ದಾಳೆ ಎಂದು ಸಿಟ್ಟಾಗುವವರು ದಲಿತ ಮಾತಾಡಿದಾಗ ಏನು ಮಾಡಿದರೆಂದು ಸ್ವಲ್ಪ ನೋಡೋಣ. 1997ರಿಂದ 2002ರವರೆಗೆ ರಾಷ್ಟ್ರಪತಿ ಭವನದಲ್ಲಿ ಕೆ.ಆರ್. ನಾರಾಯಣನ್ ಇದ್ದರು. ಆಗ ನಮ್ಮಲ್ಲಿ ಬಹುಮಂದಿ ಹುಟ್ಟಿರಲಿಲ್ಲ. 1997ರಲ್ಲಿ ಉತ್ತರಪ್ರದೇಶ, 1998ರಲ್ಲಿ ಬಿಹಾರ: ಎರಡು ಸಲ ರಾಜ್ಯ ಸರ್ಕಾರ ವಜಾ ಮಾಡುವ ಶಿಫಾರಸನ್ನು ಅವರು ಹಿಂದಕ್ಕೆ ಕಳಿಸಿದರು. ಒಂದು ಸಲ ಉಳಿದದ್ದು ಬಿಜೆಪಿಯ ಸರ್ಕಾರ, ಇನ್ನೊಂದು ಸಲ ಲಾಲೂ ಕಡೆಯ ಸರ್ಕಾರ. ಅಳತೆಗೋಲು ಮಾತ್ರ ಒಂದೇ. ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಆರಿಸುವಾಗ ಪರಿಶಿಷ್ಟರ ಕಡೆಯೂ ನೋಡಿ ಎಂದು ಕಡತದ ಮೇಲೆ ಬರೆದರು. ಸಂವಿಧಾನ ಪರಿಶೀಲನೆಗೆ ವಾಜಪೇಯಿ ಸರ್ಕಾರ ಹೊರಟಾಗ, 2000ದ ಜನವರಿಯಲ್ಲಿ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ನಿಂತು, ಸೋತದ್ದು ಸಂವಿಧಾನವೋ ನಾವೋ ಎಂದು ಕೇಳಿದರು. ಆಗ ಇನ್ನೊಂದು ಪಕ್ಷದ ಲೇಖನಿಗಳು ಎದ್ದವು. ಮಿತಿ ಮೀರಿದರು, ಪದವಿಯ ಘನತೆ ಕಳೆದರು, ನ್ಯಾಯಾಂಗಕ್ಕೆ ಜಾತಿ ತಂದರು ಎಂದವು.

ಇದಕ್ಕೂ ಹಿಂದೆ ನಮ್ಮ ಕರ್ನಾಟಕದಲ್ಲೇ, 1973ರ ನವೆಂಬರಿನಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ 'ಬೂಸಾ' ಎಂಬ ಒಂದು ಮಾತು ಆಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಮಂತ್ರಿ ಆತ. ಆ ಕೆಲಸಕ್ಕೆ ಪೇಪರಿನಲ್ಲಿ ಎಷ್ಟು ಜಾಗ ಸಿಕ್ಕಿತು, ಆ ಮಾತಿಗೆ ಎಷ್ಟು ಸಿಕ್ಕಿತು! ಬೀದಿಯಲ್ಲಿ ದಲಿತ ಹುಡುಗರು ಏಟು ತಿಂದರು, ಆತ ಮಂತ್ರಿಗಿರಿ ಕಳೆದುಕೊಂಡರು. ಮಾತಾಡಿದರೆ ಅತಿರೇಕ, ಸುಮ್ಮನಿದ್ದರೆ ಗೊಂಬೆ. ನಮ್ಮವರು ಬಾಯಿ ಎಷ್ಟು ಇಂಚು ತೆರೆಯಬೇಕೆಂದು ಅಂಕಣಕಾರರು ಒಂದು ಪಟ್ಟಿ ಹಾಕಿಕೊಟ್ಟರೆ ಉಪಕಾರವಾದೀತು.

ಸುಮ್ಮನಿದ್ದಾರೆ ಎಂಬುದೂ ಪೂರ್ತಿ ನಿಜವಲ್ಲ. 2022ರ ನವೆಂಬರ್ 26, ಸಂವಿಧಾನ ದಿನ. ಸುಪ್ರೀಂ ಕೋರ್ಟಿನ ಸಮಾರಂಭದಲ್ಲಿ ಮುರ್ಮು ಬರೆದುಕೊಟ್ಟ ಇಂಗ್ಲಿಷ್ ಭಾಷಣವನ್ನು ಬದಿಗಿಟ್ಟು ಹಿಂದಿಯಲ್ಲಿ ಮಾತಾಡಿದರು. ಸಣ್ಣ ತಪ್ಪಿಗೆ ಒಳಗೆ ಹೋಗಿ ವರ್ಷಗಟ್ಟಲೆ ಕೊಳೆಯುವವರು ಯಾರು, ಅವರನ್ನು ಬಿಡಿಸಲು ಮನೆಯವರು ಏಕೆ ಬರುವುದಿಲ್ಲ, ಹೊಲ-ಪಾತ್ರೆ ಮಾರಿ ವಕೀಲರಿಗೆ ಕೊಡುವುದೆಂದರೆ ಏನು ಎಂದು ನ್ಯಾಯಮೂರ್ತಿಗಳ ಮುಖಕ್ಕೆ ಹೇಳಿದರು. ಮೂರು ದಿನದ ಮೇಲೆ ಅದೇ ಕೋರ್ಟು, ಜಾಮೀನು ಸಿಕ್ಕರೂ ಬಾಂಡು ಕೊಡಲಾಗದೆ ಒಳಗಿರುವವರ ಲೆಕ್ಕ ಕೊಡಿ ಎಂದು ಜೈಲುಗಳಿಗೆ ಆದೇಶಿಸಿತು. ಜಾಮೀನಿಗೆ ಪಹಣಿ ಹುಡುಕಿಕೊಂಡು ಕೇರಿಯಿಂದ ಕೇರಿಗೆ ಅಲೆದವರಿಗೆ ಆ ಮಾತು ಎಲ್ಲಿ ತಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಉಪರಬೇಡದಂಥ ಊರಿನಿಂದ ಮೊದಲ ಹುಡುಗಿಯಾಗಿ ಕಾಲೇಜಿಗೆ ಹೋಗಿ, ನೀರಾವರಿ ಇಲಾಖೆಯಲ್ಲಿ ಗುಮಾಸ್ತೆಯಾಗಿ, ಶಾಲೆಯಲ್ಲಿ ಪಾಠ ಹೇಳಿ, 1997ರಲ್ಲಿ ರಾಯರಂಗಪುರದ ಪುರಸಭೆಗೆ ಗೆದ್ದು ಬಂದವರ ಬಾಯಲ್ಲಿ ಮಾತ್ರ ಆ ಮಾತು ಹುಟ್ಟುತ್ತದೆ. 'ಲೆಕ್ಕ ಹಾಕಿ ಕೂರಿಸಿದರು' ಎಂಬ ಅಂಕಣಕಾರರ ಸಾಲಿಗೆ ಇಷ್ಟು ಸಾಕು.

ಉಳಿದದ್ದು ಮಣಿಪುರ. ಇಲ್ಲಿ ಅಂಕಣಕಾರರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇವೆ. 2024ರ ಆಗಸ್ಟಿನಲ್ಲಿ ಕೊಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಅತ್ಯಾಚಾರ-ಕೊಲೆಯ ಮೇಲೆ ರಾಷ್ಟ್ರಪತಿ ತಮ್ಮ ಹೆಸರಿನಲ್ಲೇ ಲೇಖನ ಬರೆದರು. 2023ರ ಮೇ ತಿಂಗಳಿಂದ ಉರಿದ ಮಣಿಪುರಕ್ಕೆ, ಅಲ್ಲಿ ಬತ್ತಲೆ ಮೆರವಣಿಗೆ ಮಾಡಿಸಿಕೊಂಡ ಬುಡಕಟ್ಟಿನ ಹೆಣ್ಣುಮಕ್ಕಳಿಗೆ, ಅಂಥ ಲೇಖನ ಬರಲಿಲ್ಲ. ಈ ನೋವು ನಮ್ಮದೂ ಹೌದು. ಆದರೆ ಅಂಕಣಕಾರರೆ, ಕೊಲ್ಕತ್ತದ ಬಗ್ಗೆ ಬರೆದದ್ದೇ ತಪ್ಪು ಎಂಬ ದನಿ ನಿಮ್ಮಲ್ಲಿ ಏಕೆ ಬಂತು? ಅಲ್ಲಿಯ ಸರ್ಕಾರ ಆಗ ನಿಮ್ಮ ಕಡೆಯದಾಗಿತ್ತು ಎಂಬುದಕ್ಕೆ ತಾನೆ?

ಹಾಗೆಂದು ಎದುರು ಕಡೆಯವರು ನಮ್ಮ ಬೆನ್ನು ತಟ್ಟಲು ಬರುವುದು ಬೇಡ. 2022ರ ದಸರೆಗೆ ಚಾಮುಂಡಿ ಬೆಟ್ಟಕ್ಕೆ ಕರೆತಂದು, ಅದೇ ದಿನ ಹುಬ್ಬಳ್ಳಿಯಲ್ಲಿ ಪೌರಸನ್ಮಾನ ಮಾಡಿ ಫೋಟೋ ತೆಗೆಸಿಕೊಂಡವರೇ, 2023ರ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಗೆ ಸಂಸತ್ತಿನ ಅಂಗವೇ ಆದ ರಾಷ್ಟ್ರಪತಿಯನ್ನು ಕರೆಯಲಿಲ್ಲ. ಹುಟ್ಟೂರಿನ ಒಂದು ಕೇರಿಗೆ ಕರೆಂಟು ಹೊರಟದ್ದು ಆಕೆ ಅಭ್ಯರ್ಥಿಯಾದ ಮೇಲೆ. ಅಷ್ಟು ವರ್ಷ ಕತ್ತಲಿಗೆ ಯಾರು ಸಹಿ ಹಾಕಿದ್ದರೋ!

ಆ ಪತ್ರಿಕೆಯ ಸಂಪಾದಕರಿಗೆ ನಾವು ಒಂದು ಕಾಗದ ಹಾಕಿದ್ದೇವೆ. ಆಯಿಯ ಪ್ರಶ್ನೆಯನ್ನೇ ಮೇಲೆ ಬರೆದು, ಕೆಳಗೆ ಎರಡು ಕೇಳಿದ್ದೇವೆ: 2017ರ ರಾಂಚಿಯ ಕಡತದ ಬಗ್ಗೆ ನಿಮ್ಮ ಅಂಕಣಕಾರರು ಏನು ಹೇಳುತ್ತಾರೆ, 2023ರ ಆಗಸ್ಟ್ 4ರ ಸಹಿಯ ಬಗ್ಗೆ ಏನು ಹೇಳುತ್ತಾರೆ. ಉತ್ತರ ಬಂದರೆ ಬಂದ ಹಾಗೇ, ಒಂದಕ್ಷರ ತಿದ್ದದೆ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.